ಅನುದಾನ ಗೇಟಿನ ಬಳಿಯೇ ಮುಗಿಯದಿರಲಿ

ಮಾನ್ಯರೇ,

ಬಂಧನದಲ್ಲಿರುವ ಹದಿಹರೆಯದವರಿಗೆ ಮಾರ್ಗದರ್ಶಕರನ್ನು, ಅಂದರೆ ವಾರಕ್ಕೊಮ್ಮೆ ಬಂದು ಭೇಟಿಯಾಗುವ ಸ್ವಯಂಸೇವಕರನ್ನು, ಒದಗಿಸುವ ಯೋಜನೆಗೆ ಹಣ ಕೊಡುವವರು ಮೊದಲು ನೋಡಬೇಕಾದ್ದು ಆ ಹಣ ಯಾವ ದಿನದವರೆಗೆ ನಡೆಯುತ್ತದೆ ಎಂಬುದನ್ನು. ‘ಒಳಗಿರುವವರಿಗೆ ಮಾತ್ರ’ ಎಂಬ ಷರತ್ತಿದ್ದರೆ ಹುಡುಗ ಬಿಡುಗಡೆಯಾದ ದಿನವೇ ಮಾರ್ಗದರ್ಶಕನ ಕೆಲಸವೂ ಮುಗಿಯಿತು. ಮತ್ತೆ ಶಾಲೆಗೆ ಸೇರುವುದು, ಕೆಲಸ ಹುಡುಕುವುದು, ಹಳೆಯ ಗೆಳೆಯರು ಕರೆದಾಗ ಏನು ಹೇಳುವುದು, ಇವೆಲ್ಲ ಶುರುವಾಗುವುದೇ ಅಲ್ಲಿಂದ. ಬಂಧಿತ ಬಾಲಕರ ರಕ್ಷಣೆಗಾಗಿ ವಿಶ್ವಸಂಸ್ಥೆ 1990ರಲ್ಲಿ ಒಪ್ಪಿದ ನಿಯಮಗಳೂ ಬಿಡುಗಡೆಯ ನಂತರದ ನೆರವನ್ನು ಸ್ಪಷ್ಟವಾಗಿ ಹೇಳುತ್ತವೆ.

ಅಮೆರಿಕದಲ್ಲಿ ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾರ್ಗದರ್ಶಕರ ಜೊತೆ ಒಂದು ವರ್ಷ ಅಥವಾ ಹೆಚ್ಚು ಕಾಲ ಇದ್ದವರಿಗೆ ಹೆಚ್ಚು ಪ್ರಯೋಜನವಾಗಿತ್ತು. ಮೂರು ತಿಂಗಳೊಳಗೆ ಸಂಬಂಧ ಕಡಿದವರ ಆತ್ಮವಿಶ್ವಾಸ ಇನ್ನಷ್ಟು ಕುಗ್ಗಿತ್ತು. ಅದು ಬಂಧಿತರ ಮೇಲಿನ ಅಧ್ಯಯನವಲ್ಲ, ನಿಜ. ಆದರೆ ದೊಡ್ಡವರು ಕೈಬಿಡುವುದನ್ನು ಮೊದಲೇ ಕಂಡುಂಡ ಮಕ್ಕಳಿಗೆ ಇದು ಕಡಿಮೆ ತಟ್ಟೀತು ಎನ್ನಲು ಕಾರಣವಿಲ್ಲ. ಹಾಗಾಗಿ ಬಿಡುಗಡೆಗೆ ಆರು ತಿಂಗಳ ಮುಂಚೆ ಶುರುವಾಗಿ, ಹೊರಬಂದ ಮೇಲೆ ಕನಿಷ್ಠ ಆರು ತಿಂಗಳು ನಡೆಯುವಷ್ಟು ಹಣವನ್ನು ಒಂದೇ ಮಂಜೂರಾತಿಯಲ್ಲಿ ಕೊಡಬೇಕು. ಕಂತು ಎರಡು ತಿಂಗಳು ತಡವಾದರೆ ಯೋಜನೆಯನ್ನು ನೋಡಿಕೊಳ್ಳುವ ಸಂಯೋಜಕ ಬೇರೆ ಕೆಲಸ ನೋಡಿಕೊಳ್ಳುತ್ತಾನೆ, ಅವನ ಹಿಂದೆಯೇ ಮಾರ್ಗದರ್ಶಕರೂ ಚದುರುತ್ತಾರೆ.

ಸ್ವಯಂಸೇವಕರ ಕೆಲಸವೆಂದರೆ ಖರ್ಚಿಲ್ಲದ ಕೆಲಸ ಎಂದುಕೊಳ್ಳುವವರಿದ್ದಾರೆ. ಒಬ್ಬ ಹುಡುಗ, ಒಬ್ಬ ಮಾರ್ಗದರ್ಶಕ ಸೇರಿದರೆ ಒಂದು ಜೋಡಿ; ನಮ್ಮ ಲೆಕ್ಕದಲ್ಲಿ ಇಪ್ಪತ್ತು ಜೋಡಿಗಳಿಗೆ ಒಬ್ಬ ಪೂರ್ಣಾವಧಿ ಸಂಯೋಜಕ ಬೇಕು. ಹಣದ ಅರ್ಧ ಭಾಗ ಅವನ ಸಂಬಳಕ್ಕೇ ಹೋದರೂ ಅದು ದುಂದಲ್ಲ. ಉಳಿದದ್ದು ಮಾರ್ಗದರ್ಶಕರ ಪ್ರಯಾಣ ಭತ್ಯೆ, ಹಿನ್ನೆಲೆ ಪರಿಶೀಲನೆ, ತರಬೇತಿ, ಬಿಡುಗಡೆಯ ನಂತರದ ತುರ್ತು ಖರ್ಚಿಗೆ. ಇಪ್ಪತ್ತು ಹುಡುಗರಿಗೆ ಇಪ್ಪತ್ತೆರಡು ಮಾರ್ಗದರ್ಶಕರನ್ನು ತಯಾರಿಸಿಡಬೇಕು, ಒಬ್ಬಿಬ್ಬರು ನಡುವೆ ಬಿಟ್ಟೇ ಬಿಡುತ್ತಾರೆ. ಬ್ಯಾನರು, ಟೀ ಶರ್ಟು, ಉದ್ಘಾಟನೆಗೆ ಇದರಲ್ಲಿ ಜಾಗವಿಲ್ಲ.

ಕೆಡುವುದೆಲ್ಲ ಸಣ್ಣ ವಿಷಯಗಳಲ್ಲೇ. ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತು, ಒಂದು ಗಂಟೆ ಎಂದು ಮಾತಾಗಿರುತ್ತದೆ. ಅಂದು ಸಿಬ್ಬಂದಿ ಸಾಲದೆ ಭೇಟಿ ರದ್ದಾಗುತ್ತದೆ. ಮಾರ್ಗದರ್ಶಕ ಗೇಟಿನಿಂದಲೇ ವಾಪಸ್. ಒಳಗೆ ತಲೆ ಬಾಚಿಕೊಂಡು ಕಾಯುತ್ತಿರುವ ಹುಡುಗನಿಗೆ ಯಾರೂ ಹೇಳುವುದಿಲ್ಲ. ‘ಇವರೂ ಅಷ್ಟೇ’ ಎಂದು ಅವನು ತೀರ್ಮಾನಿಸಿಬಿಡುತ್ತಾನೆ. ‘ಬಂದಿದ್ದೆ, ಬಿಡಲಿಲ್ಲ, ಮುಂದಿನ ವಾರ ಬರುತ್ತೇನೆ’ ಎಂಬ ಒಂದು ಚೀಟಿಯನ್ನು ಅಂದೇ ಒಳಗೆ ತಲುಪಿಸುವ ಏರ್ಪಾಡು ಹುಡುಗರನ್ನು ಇರಿಸಿರುವ ಸಂಸ್ಥೆಯ ಜೊತೆಗಿನ ಒಪ್ಪಂದದಲ್ಲೇ ಬರವಣಿಗೆಯಲ್ಲಿ ಇರಬೇಕು. ವರ್ಗಾವಣೆ ಮತ್ತು ಬಿಡುಗಡೆಯ ದಿನಾಂಕವನ್ನು ಸಂಯೋಜಕನಿಗೆ ಮುಂಚಿತವಾಗಿ ತಿಳಿಸುವುದೂ ಅದರಲ್ಲೇ ಸೇರಬೇಕು. ಇಲ್ಲದಿದ್ದರೆ ಹುಡುಗ ಹೊರಗೆ ಹೋಗಿ ನಾಲ್ಕು ದಿನವಾದ ಮೇಲೆ ಮಾರ್ಗದರ್ಶಕ ಗೇಟಿಗೆ ಬಂದು ನಿಲ್ಲುತ್ತಾನೆ.

ತರಬೇತಿಯಲ್ಲಿ ಒತ್ತಿ ಹೇಳಬೇಕಾದ್ದು ಎರಡು. ಸಾಲ ಕೊಡಬಾರದು, ಹಣ ಬೇಕಾದರೆ ಸಂಯೋಜಕನ ಮೂಲಕವೇ ಹೋಗಬೇಕು. ವಿಚಾರಣೆ ನಡೆಯುತ್ತಿರುವಾಗ ಪ್ರಕರಣದ ವಿವರ ಕೇಳಬಾರದು: ವಕೀಲರೊಂದಿಗಿನ ಮಾತಿಗಿರುವ ರಕ್ಷಣೆ ಮಾರ್ಗದರ್ಶಕರೊಂದಿಗಿನ ಮಾತಿಗೆ ಸಾಮಾನ್ಯವಾಗಿ ಇರುವುದಿಲ್ಲ, ನಾಳೆ ಅವರನ್ನೇ ಸಾಕ್ಷಿಗೆ ಕರೆಯಬಹುದು. ಹಾಗೆಂದು ಪೂರ್ತಿ ಗುಟ್ಟಿನ ಭರವಸೆಯನ್ನೂ ಕೊಡುವಂತಿಲ್ಲ. ಪ್ರಾಣಕ್ಕೆ ಅಪಾಯವಿದೆ ಎನಿಸಿದರೆ ಹೇಳಲೇಬೇಕಾಗುತ್ತದೆ ಎಂದು ಮೊದಲ ಭೇಟಿಯಲ್ಲೇ ಹುಡುಗನಿಗೆ ತಿಳಿಸಿಬಿಡಬೇಕು.

ಹದಿಹರೆಯದವರಿಗೆ ಜೈಲು ತೋರಿಸಿ, ಹೆದರಿಸಿ ತಿದ್ದುವ ಕಾರ್ಯಕ್ರಮಗಳೂ ಮಾರ್ಗದರ್ಶನದ ಹೆಸರಿನಲ್ಲಿ ಅನುದಾನ ಕೇಳಿಯಾವು. ನ್ಯೂಜೆರ್ಸಿಯ ಜೈಲೊಂದರಲ್ಲಿ 1970ರ ದಶಕದಲ್ಲಿ ಶುರುವಾದ ಅಂಥ ಪ್ರಯೋಗಗಳನ್ನು ಪರೀಕ್ಷಿಸಿದಾಗ, ಅವುಗಳಲ್ಲಿ ಪಾಲ್ಗೊಂಡವರು ಮುಂದೆ ಪಾಲ್ಗೊಳ್ಳದವರಿಗಿಂತ ಹೆಚ್ಚು ಅಪರಾಧಕ್ಕಿಳಿದದ್ದು ಕಂಡಿತ್ತು.

ವರದಿ ನಮೂನೆಯಲ್ಲಿ ‘ಫಲಾನುಭವಿಗಳ ಸಂಖ್ಯೆ’ ಎಂಬ ಕಾಲಂ ಒಂದೇ ಇದ್ದರೆ ಸಂಸ್ಥೆಗಳು ತಲೆ ಎಣಿಸುವುದರಲ್ಲೇ ಮುಳುಗುತ್ತವೆ. ಅದರ ಪಕ್ಕದಲ್ಲಿ ಇನ್ನೂ ಮೂರು ಕಾಲಂ ಹಾಕಿ: ನಿಗದಿಯಾದ ಭೇಟಿಗಳೆಷ್ಟು, ನಡೆದದ್ದೆಷ್ಟು, ಬಿಡುಗಡೆಯಾದ ಮೂರನೇ ತಿಂಗಳಲ್ಲೂ ಭೇಟಿಯಾಗುತ್ತಿರುವ ಜೋಡಿಗಳೆಷ್ಟು.

– ಬಾಲ ನ್ಯಾಯ ಕ್ಷೇತ್ರದ ಕೆಲವು ಕಾರ್ಯಕರ್ತರು