ಜಪಾನಿ ಪರೀಕ್ಷೆಗೆ ಓದುತ್ತಿರುವ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ನೋಡಿದೆ. ಡಿಸೆಂಬರ್‌ನ ಜೆಎಲ್‌ಪಿಟಿಗೆ, ಅಂದರೆ ಜಪಾನಿ ಭಾಷೆಯ ಪರೀಕ್ಷೆಗೆ, ಎನ್3 ಹಂತಕ್ಕೆ ಅಂತ ಅರ್ಜಿ ತುಂಬಿಬಿಟ್ಟೆಯಂತೆ. ಒಳ್ಳೆಯದಾಯಿತು. ಅದರ ಕೆಳಗಿನ ಹಂತ ಎನ್4 ಮುಗಿಸಿ ಸುಮ್ನೆ ಕೂತರೆ ಕಲಿತದ್ದೂ ಕೈಬಿಟ್ಟು ಹೋಗುತ್ತದೆ. "ಯಾವ ಪುಸ್ತಕ ಓದಲಿ, ಮೂರು ತಿಂಗಳು ಸಾಕಾಗುತ್ತಾ?" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿಸಿಕೊಂಡು "ಹ್ಞೂಂ ಹ್ಞೂಂ" ಅನ್ನುತ್ತೀಯ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಮ್ಮ ಹಾಗೇ ಒದ್ದಾಡುವವರು ಇನ್ನೂ ಇದ್ದಾರೆ, ಅವರೂ ಓದಿಕೊಳ್ಳಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ನಿನ್ನ ಹೆಸರು ಎಲ್ಲೂ ಬರೆದಿಲ್ಲ, ಹೆದರಬೇಡ.

ನಿನಗೆ ಇದುವರೆಗೆ ಹೇಳದೇ ಇದ್ದ ಒಂದು ವಿಷಯ ಮೊದಲು ಹೇಳಿಬಿಡುತ್ತೇನೆ. ನಾನು ಎನ್3 ಪಾಸಾದದ್ದು ಎರಡನೇ ಸಲಕ್ಕೆ. ಮೊದಲ ಸಲ ಜುಲೈನಲ್ಲಿ ಬರೆದಾಗ 180ಕ್ಕೆ 103 ಬಂದಿತ್ತು. ಪಾಸಾಗಲು ಬೇಕಿದ್ದದ್ದು 95. ಆದರೂ ಫೇಲು. ಆಗಸ್ಟ್ ಕೊನೆಯಲ್ಲಿ ಫಲಿತಾಂಶದ ಪುಟ ತೆರೆದು, ಏನೋ ತಪ್ಪಾಗಿದೆ ಅಂತ ಎರಡು ಸಲ ಮುಚ್ಚಿ ಮತ್ತೆ ತೆರೆದೆ. ತಪ್ಪೇನೂ ಆಗಿರಲಿಲ್ಲ. ಎನ್3ರಲ್ಲಿ ಮೂರು ಭಾಗ, ತಲಾ 60 ಅಂಕ. ಪದ ಮತ್ತು ವ್ಯಾಕರಣ ಒಂದು, ಓದುವುದು ಒಂದು, ಕೇಳುವುದು ಒಂದು. ಒಟ್ಟು 95 ಬಂದರಷ್ಟೇ ಸಾಲದು, ಒಂದೊಂದು ಭಾಗದಲ್ಲೂ ಕನಿಷ್ಠ 19 ಬರಲೇಬೇಕು. ಕೇಳುವ ಭಾಗದಲ್ಲಿ ನನಗೆ ಬಂದದ್ದು 18.

ನೀನು ಬರೆದ ಎನ್4ನಲ್ಲಿ ಪದ, ವ್ಯಾಕರಣ, ಓದು ಮೂರೂ ಸೇರಿ 120ಕ್ಕೆ ಒಂದೇ ಗಂಟು. ಓದಿನಲ್ಲಿ ಎಡವಿದರೆ ಪದದಲ್ಲಿ ಸರಿದೂಗಿಸಿಕೊಳ್ಳಬಹುದಿತ್ತು. ಎನ್3ಕ್ಕೆ ಬಂದಾಗ ಆ ಗಂಟು ಬಿಚ್ಚುತ್ತಾರೆ. ಕ್ಲಾಸಿನಲ್ಲಿ ನನಗೆ ಇದನ್ನು ಯಾರೂ ಒತ್ತಿ ಹೇಳಿರಲಿಲ್ಲ.

ಆ ಒಂದು ಅಂಕ ಹೇಗೆ ಹೋಯಿತು ಅಂತ ಕೇಳು. ಕೊನೇ ಬೆಂಚು. ತಲೆಯ ಮೇಲೆ ಕಟಕಟ ಅನ್ನುವ ಫ್ಯಾನು. ಸ್ಪೀಕರು ಮುಂದೆ ಮೇಜಿನ ಮೇಲೆ. ಮೂರು ತಿಂಗಳು ಫ್ಯಾನಿನ ಮೇಲೇ ತಪ್ಪು ಹೊರಿಸಿಕೊಂಡು ತಿರುಗಾಡಿದೆ. ನಿಜ ಹೇಳಬೇಕೆಂದರೆ ಪಾಪ ಫ್ಯಾನಿನದೇನೂ ಇಲ್ಲ. ಪ್ರಶ್ನೆ ಈ ಧಾಟಿಯದು: ಆಫೀಸಿನಲ್ಲಿ ಮೇಲಿನವರು, ಕೆಲಸದ ಹುಡುಗಿ. ನಾಳೆ ಮೀಟಿಂಗಿದೆ, ಇದನ್ನು ಜೆರಾಕ್ಸ್ ಮಾಡು ಅನ್ನುತ್ತಾರೆ. ಅವಳು ಹ್ಞೂಂ ಅನ್ನುತ್ತಾಳೆ. ತಾಳು, ಇದರಲ್ಲಿ ಒಂದು ಅಂಕಿ ತಪ್ಪಿದೆ, ಅದನ್ನು ಸರಿಮಾಡಿಸಬೇಕು ಅನ್ನುತ್ತಾರೆ. ಅದನ್ನು ನಾನೇ ಮಾಡ್ತೀನಿ ಬಿಡು, ನೀನು ಅಷ್ಟರಲ್ಲಿ ರೂಮು ಖಾಲಿ ಇದೆಯಾ ನೋಡಿ ಬಾ ಅನ್ನುತ್ತಾರೆ. ಹುಡುಗಿ ಮೊದಲು ಏನು ಮಾಡಬೇಕು? ನಾನು ಜೆರಾಕ್ಸ್‌ಗೆ ಗುರುತು ಹಾಕಿ ನಿರಾಳವಾಗಿ ಕೂತಿದ್ದೆ. ಕೊನೇ ಮಾತು ಕಿವಿಗೆ ಬಿದ್ದಾಗ "ಅಯ್ಯೋ" ಅಂತ ರಬ್ಬರು ಹುಡುಕಿದೆ. ಉಜ್ಜಿ ಸರಿಮಾಡುವಷ್ಟರಲ್ಲಿ ಮುಂದಿನ ಪ್ರಶ್ನೆ ಅರ್ಧ ಮುಗಿದಿತ್ತು. ಅದು ಹೋಯಿತಲ್ಲ ಅಂತ ಮರುಗುತ್ತಿರುವಾಗ ಅದರ ಮುಂದಿನದೂ ಹೋಯಿತು. ಆಡಿಯೋ ಕೇಳಿಸುವುದು ಒಂದೇ ಸಲ. ಎನ್3ರಲ್ಲಿ ಅದು 40 ನಿಮಿಷ, ನಡುವೆ ಉಸಿರು ಬಿಡಲೂ ಪುರುಸೊತ್ತಿಲ್ಲ. ಕೆಲವು ಪ್ರಶ್ನೆಗಳಿಗಂತೂ ಕಾಗದದ ಮೇಲೆ ಏನೂ ಅಚ್ಚಾಗಿರುವುದಿಲ್ಲ, ಬರೀ 1, 2, 3 ಅಂತ ಹೇಳುತ್ತಾರೆ. ಹೋದದ್ದು ಹೋಗಲಿ ಅಂತ ಬಿಡುವುದನ್ನು ಮನೆಯಲ್ಲೇ ಅಭ್ಯಾಸ ಮಾಡು. ನಾನು ಎರಡನೇ ಸಲಕ್ಕೆ ಮಾಡಿದ್ದು ಇಷ್ಟೇ: ದಿನಾ ಅರ್ಧ ಗಂಟೆ ಕೇಳುವುದು, ತಪ್ಪಿದರೂ ಹಿಂದಕ್ಕೆ ಒತ್ತದೇ ಇರುವುದು. ಪಾತ್ರೆ ತೊಳೆಯುತ್ತಾ ಕೇಳಿದ್ದೇ ಜಾಸ್ತಿ. ನಲ್ಲಿ ಸದ್ದು ಫ್ಯಾನಿಗಿಂತ ಜೋರು, ಅದೂ ಒಳ್ಳೆಯದೇ ಆಯಿತು.

ಇನ್ನೊಂದು ಕಿವಿಮಾತು. ಆ ಸಂಭಾಷಣೆಗಳಲ್ಲಿ ಯಾರೂ ನೇರವಾಗಿ ಇಲ್ಲ ಅನ್ನುವುದಿಲ್ಲ. ಸಿನಿಮಾಕ್ಕೆ ಬರ್ತೀಯಾ ಅಂದರೆ "ಭಾನುವಾರ ಚೊತ್ತೊ..." ಅಂತ ಎಳೆದು ನಿಲ್ಲಿಸುತ್ತಾರೆ. ಚೊತ್ತೊ ಅಂದರೆ ಸ್ವಲ್ಪ. ಡಿಕ್ಷನರಿ ನಂಬಿಕೊಂಡವನು ಸ್ವಲ್ಪ ಹೊತ್ತು ಬರ್ತಾರೆ ಅಂದುಕೊಳ್ಳುತ್ತಾನೆ. ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಹೊರಡುವಾಗ "ನೋಡೋಣ, ತಿಳಿಸ್ತೀವಿ" ಅಂದರೆ ಮನೆಯವರಿಗೆ ಆಗಲೇ ಗೊತ್ತಾಗುವುದಿಲ್ಲವಾ? ಇದೂ ಹಾಗೇ.

ಹೀಗೆ ಕನ್ನಡದಿಂದ ಯೋಚಿಸಿದ್ದೇ ನನಗೆ ದಾರಿಯಾಯಿತು. ನಿನಗೆ ಹೇಳಬೇಕು ಅಂತ ಈ ಪತ್ರ ಶುರು ಮಾಡಿದ್ದೇ ಅದಕ್ಕೆ. ನಾವಿಬ್ಬರೂ ಜಪಾನಿಯನ್ನು ಇಂಗ್ಲಿಷ್ ಪುಸ್ತಕದಿಂದ ಕಲಿತೆವು. ಪಕ್ಕದ ಮನೆಗೆ ಹೋಗಲು ಮೆಜೆಸ್ಟಿಕ್‌ಗೆ ಹೋಗಿ ಬಸ್ಸು ಬದಲಿಸಿದ ಹಾಗೆ. ಮಾತು ಜೋಡಿಸುವ ಕ್ರಮದಲ್ಲಿ ಕನ್ನಡಕ್ಕೂ ಜಪಾನಿಗೂ ಎಷ್ಟು ಹೋಲಿಕೆ ಇದೆ ಅಂದರೆ, ಇಂಗ್ಲಿಷ್ ನಡುವೆ ಬಂದಷ್ಟೂ ಗೊಂದಲ ಜಾಸ್ತಿ.

ನೋಡು. ಮನೆಯಿಂದ ಹೊರಡುವಾಗ ಜಪಾನಿನವರು "ಇತ್ತೆಕಿಮಸು" ಅನ್ನುತ್ತಾರೆ. ಇತ್ತೆ ಅಂದರೆ ಹೋಗಿ, ಕಿಮಸು ಅಂದರೆ ಬರುತ್ತೇನೆ. ಹೋಗಿ ಬರ್ತೀನಿ! ಬರೀ "ಹೋಗ್ತೀನಿ" ಅಂದರೆ ನಮ್ಮಜ್ಜಿ ಬೈಯುತ್ತಿದ್ದರು. ಆ ಊರಿನ ಅಜ್ಜಿಯರೂ ಇದನ್ನೇ ಕಲಿಸಿದ್ದಾರೆ ಅಂತ ಗೊತ್ತಾದ ದಿನ ನನಗೆ ಆ ಭಾಷೆಯ ಮೇಲಿನ ಹೆದರಿಕೆ ಅರ್ಧ ಹೋಯಿತು. "ತಬೆತೆ ಮಿರು" ಅಂದರೆ ತಿಂದು ನೋಡು. ಕಣ್ಣಿನಿಂದ ನೋಡುವ ಅದೇ ಮಿರು, ನಮ್ಮ ಅದೇ ನೋಡು. "ವಸುರೆತೆ ಶಿಮತ್ತ" ಅಂದರೆ ಮರೆತುಬಿಟ್ಟೆ. ಈ ಶಿಮಉ (ಶಿಮತ್ತದ ಮೂಲ ರೂಪ) ಒಮ್ಮೆ ಕೆಲಸ ಪೂರ್ತಿಯಾದದ್ದನ್ನು ಹೇಳುತ್ತದೆ, ಇನ್ನೊಮ್ಮೆ ಅಯ್ಯೋ ಹೀಗಾಯಿತಲ್ಲ ಅನ್ನುವುದನ್ನು. ಇಂಗ್ಲಿಷ್ ಪುಸ್ತಕ ಅದಕ್ಕೆ ಒಂದು ಪುಟ ವಿವರಣೆ ಕೊಡುತ್ತದೆ. ನಮಗೆ ಒಂದು "ಬಿಡು" ಸಾಕು: ಮುಗಿಸಿಬಿಟ್ಟೆ, ಬಿದ್ದುಬಿಟ್ಟೆ. "ಕತ್ತೆ ಒಕು" ಅಂತ ಇನ್ನೊಂದಿದೆ. ನಗಬೇಡ, ಕತ್ತೆ ಅಂದರೆ ಕೊಂಡು, ಒಕು ಅಂದರೆ ಇಡು. ನೆಂಟರು ಬರುವ ಮುಂಚೆ ಹಾಲು ತಂದಿಡು ಅನ್ನುತ್ತೇವಲ್ಲ, ಆ ಇಡು. "ಬೆಂಗಳೂರು ತೊ ಯೂ ಮಚಿ" ಅಂದರೆ ಬೆಂಗಳೂರು ಅನ್ನೋ ಊರು. ಒಂದೊಂದು ತುಂಡಿಗೂ ಒಂದೊಂದು ತುಂಡು.

ವ್ಯಾಕರಣದ ಪತ್ರಿಕೆಯಲ್ಲಿ ನಕ್ಷತ್ರದ ಪ್ರಶ್ನೆ ಬರುತ್ತದೆ, ಎನ್4ನಲ್ಲಿ ನೋಡಿದ್ದೀಯ. ನಾಲ್ಕು ತುಂಡು ಕೊಟ್ಟಿರುತ್ತಾರೆ, ಸರಿಯಾಗಿ ಜೋಡಿಸಿ ನಕ್ಷತ್ರದ ಜಾಗಕ್ಕೆ ಯಾವುದು ಬರುತ್ತದೆ ಹೇಳಬೇಕು. ಇಂಗ್ಲಿಷ್‌ನಲ್ಲಿ ಯೋಚಿಸುವವರಿಗೆ ಇದು ತಲೆಕೆಳಗಾದ ವಾಕ್ಯ. ನೀನು "ಹಹ ಗ ತ್ಸುಕುತ್ತ ಗೊಹನ್" ಅನ್ನುವುದನ್ನು ಎಡದಿಂದ ಹಾಗೇ ಓದು: ಅಮ್ಮ ಮಾಡಿದ ಊಟ. ತಿರುಗಿಸುವ ಕೆಲಸವೇ ಇಲ್ಲ. ಈ ಪ್ರಶ್ನೆಗಳಲ್ಲಿ ಉಳಿಸಿದ ಸಮಯ ಓದುವ ಭಾಗಕ್ಕೆ ಬೇಕು. ವ್ಯಾಕರಣಕ್ಕೂ ಓದಿಗೂ ಸೇರಿ 70 ನಿಮಿಷ ಕೊಡುತ್ತಾರೆ, ಕೊನೆಯ ದೊಡ್ಡ ಪ್ಯಾರಾಕ್ಕೆ ಬರುವಷ್ಟರಲ್ಲಿ ಬಹಳ ಜನರ ಕೈಯಲ್ಲಿ ಐದು ನಿಮಿಷವೂ ಇರುವುದಿಲ್ಲ.

ಉಚ್ಚಾರ ಬರೆದುಕೊಳ್ಳುವುದಾದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಡ. ಒಬಸನ್ ಅಂದರೆ ಚಿಕ್ಕಮ್ಮ, ಒಬಾಸನ್ ಅಂದರೆ ಅಜ್ಜಿ. ಯುಕಿ ಹಿಮ, ಯೂಕಿ ಧೈರ್ಯ. ಕಿತೆ ಅಂದರೆ ಬಂದು, ಕಿತ್ತೆ ಅಂದರೆ ಅಂಚೆಚೀಟಿ. ದೀರ್ಘ, ಒತ್ತಕ್ಷರ ಎರಡೂ ನಮ್ಮ ಲಿಪಿಯಲ್ಲಿ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತವೆ. ಅವರ ಅಕ್ಷರಮಾಲೆಯ ಕ, ಸ, ತ, ನ ಅನ್ನುವ ಸಾಲಿನ ಕ್ರಮವೇ ಬೌದ್ಧರ ಮೂಲಕ ಇಲ್ಲಿಂದ ಹೋದದ್ದು.

ಹಾಗಂತ ಕನ್ನಡ ಎಲ್ಲ ಕಡೆ ಕಾಯುವುದಿಲ್ಲ. ವ ಮತ್ತು ಗ ಅನ್ನುವ ಎರಡು ಪ್ರತ್ಯಯ ಎಲ್ಲಿ ಯಾವುದು ಅಂತ ನನಗೆ ಈಗಲೂ ಅನುಮಾನ. ಕೊಡುವುದಕ್ಕೂ ಎರಡು ಮಾತು: ನಾನು ಬೇರೆಯವರಿಗೆ ಕೊಟ್ಟರೆ ಅಗೆರು, ಬೇರೆಯವರು ನನಗೆ ಕೊಟ್ಟರೆ ಕುರೆರು. ನಮ್ಮದು ಎರಡಕ್ಕೂ "ಕೊಟ್ಟ". ಕೇಳುವ ಭಾಗದಲ್ಲಿ ಯಾರು ಯಾರಿಗೆ ಪುಸ್ತಕ ಕೊಟ್ಟರು ಅಂತ ಕೇಳಿದರೆ ಇಲ್ಲೇ ಜಾರುತ್ತೇವೆ. ಇದೊಂದನ್ನು ಮಾತ್ರ ಬಾಯಿಪಾಠ ಮಾಡು.

ಇನ್ನು ಕಾಂಜಿ, ಅಂದರೆ ಚೀನಾದಿಂದ ಬಂದ ಚಿತ್ರದಂಥ ಅಕ್ಷರಗಳು. ನಿನ್ನ ದೊಡ್ಡ ಗೋಳು ಅದೇ ಅಲ್ವಾ? 2010ಕ್ಕೆ ಮುಂಚೆ ಈ ಪರೀಕ್ಷೆಯಲ್ಲಿ ನಾಲ್ಕೇ ಹಂತ ಇದ್ದವು. ಮೂರನೇ ಹಂತಕ್ಕೆ ಸುಮಾರು 300 ಕಾಂಜಿ, ಅದರ ಮೇಲಿನ ಎರಡನೇ ಹಂತಕ್ಕೆ ಸುಮಾರು 1000. ನಡುವೆ ಬಾವಿಯಷ್ಟು ಅಂತರ. ಅದನ್ನು ತುಂಬಲು ಹುಟ್ಟಿದ್ದೇ ನಿನ್ನ ಎನ್3. ಆಮೇಲೆ ಅವರು ಪಟ್ಟಿ ಕೊಡುವುದನ್ನೇ ನಿಲ್ಲಿಸಿದರು. ಹಾಗಾಗಿ "ಎನ್3ಕ್ಕೆ ಇಷ್ಟೇ ಕಾಂಜಿ" ಅಂತ ಯಾರು ಮಾರಿದರೂ ಅದು ಅಂದಾಜು. ಇನ್ನೊಂದು ಮುನ್ನೂರೈವತ್ತು ಕಲಿಯುವುದಿದೆ ಅಂತ ಮನಸ್ಸಿನಲ್ಲಿ ಇಟ್ಟುಕೊ, ಸಾಕು.

ಒಂದೊಂದು ಕಾಂಜಿಗೆ ಎರಡೆರಡು ಉಚ್ಚಾರ ಯಾಕೆ ಅಂತ ಬೈಕೊಂಡೆಯಲ್ಲ, ಅದಕ್ಕೂ ಕನ್ನಡದಲ್ಲೇ ಉತ್ತರ ಇದೆ. ನಾವು ನೀರು ಅನ್ನುತ್ತೇವೆ, ಜಲಾಶಯ ಅನ್ನುತ್ತೇವೆ. ನಂದಿಬೆಟ್ಟ ಅನ್ನುತ್ತೇವೆ, ಗಿರಿಧಾಮ ಅನ್ನುತ್ತೇವೆ. ಒಂದು ಮನೆಯದು, ಒಂದು ಸಂಸ್ಕೃತದಿಂದ ಬಂದದ್ದು. ಅವರಲ್ಲಿ ಮನೆಯ ಮಾತು ಮಿಜು, ಚೀನಾದಿಂದ ಬಂದದ್ದು ಸುಯಿ. ಬೆಟ್ಟ ಒಂಟಿಯಾಗಿ ನಿಂತರೆ ಯಮ, ಜೋಡಿ ಪದದಲ್ಲಿ ಸನ್. ಫುಜಿಸನ್ ಅನ್ನುವುದರಲ್ಲಿರುವ ಸನ್ ಮರ್ಯಾದೆಯ ಸನ್ ಅಲ್ಲ, ಗಿರಿ. ಒಂಟಿಯಾದರೆ ಅಚ್ಚಗನ್ನಡ, ಜೋಡಿಯಾದರೆ ತತ್ಸಮ ಅಂತ ಹಿಡಿದುಕೊಂಡರೆ ಹತ್ತಕ್ಕೆ ಏಳು ಸರಿಹೋಗುತ್ತದೆ.

ನೆನಪಿಗೆ ನಾನು ಮಾಡಿದ್ದು ಕತೆ ಕಟ್ಟುವುದು. ದೇವಸ್ಥಾನ ಅನ್ನುವ ಕಾಂಜಿ ಇದೆಯಲ್ಲ, ತೆರ. ಅದರ ಎಡಕ್ಕೆ ಸೂರ್ಯ ಬಂದರೆ ಸಮಯ. ಕೈ ಬಂದರೆ ಹಿಡಿದುಕೊಳ್ಳುವುದು. ಮಾತು ಬಂದರೆ ಕವಿತೆ. ದಾರಿಯ ಗುರುತು ಬಂದರೆ ಕಾಯುವುದು. ಈ ಹಿಡಿಯುವುದು, ಕಾಯುವುದು ಎರಡನ್ನೂ ನಾನು ಒಂದು ವರ್ಷ ಅದಲುಬದಲು ಮಾಡಿದ್ದೇನೆ. ಆಮೇಲೆ ಜಾತ್ರೆಯ ಚಿತ್ರ ಮಾಡಿಕೊಂಡೆ: ಹಣ್ಣುಕಾಯಿ ಕೈಯಲ್ಲಿ ಹಿಡಿದವನು ಒಬ್ಬ, ದಾರಿ ಬದಿಯಲ್ಲಿ ಕಾಯುವವನು ಒಬ್ಬ. ದೇವಸ್ಥಾನದ ಪಕ್ಕ ದನ ನಿಂತರೆ ಏನು ಗೊತ್ತಾ? ವಿಶೇಷ! ಗುಡಿ ಮುಂದೆ ಬಸವನನ್ನು ನೋಡಿಕೊಂಡೇ ಬೆಳೆದ ನಮಗೆ ಇದನ್ನು ಯಾರಾದರೂ ಕಲಿಸಬೇಕಾ?

ಪುಸ್ತಕದ ಪ್ರಶ್ನೆಗೆ ಉತ್ತರ ಚಿಕ್ಕದು. ಹೊಸದು ಕೊಳ್ಳಬೇಡ. ಪರೀಕ್ಷೆ ನಡೆಸುವವರೇ 2012ರಲ್ಲಿ ಒಂದು, 2018ರಲ್ಲಿ ಒಂದು ಅಭ್ಯಾಸದ ಪ್ರಶ್ನೆಪುಸ್ತಕ ತಂದಿದ್ದಾರೆ. ಅವರ ವೆಬ್‌ಸೈಟಿನಲ್ಲೇ ಆಡಿಯೋ ಸಮೇತ ಪುಕ್ಕಟೆ ಸಿಗುತ್ತವೆ. ಒಂದನ್ನು ಈಗಲೇ ಮಾಡಿ ಎಲ್ಲಿದ್ದೀಯ ನೋಡಿಕೊ, ಇನ್ನೊಂದನ್ನು ನವೆಂಬರ್ ಕೊನೆಗೆ ಇಟ್ಟುಕೊ. ಮೂರು ತಿಂಗಳು ಸಾಕಾ ಅಂದರೆ, ದಿನಾ ಎರಡು ಗಂಟೆ ಕೂತರೆ ಸಾಕು. ಭಾನುವಾರಕ್ಕೆ ಎಲ್ಲ ಸೇರಿಸಿ ಓದ್ತೀನಿ ಅಂದರೆ ಮುಂದಿನ ಜುಲೈಗೇ ಬರೆ.

ಪರೀಕ್ಷೆ ಡಿಸೆಂಬರ್ ಮೊದಲ ಭಾನುವಾರ. ಪೆನ್ಸಿಲು ಎರಡು ಒಯ್ಯಿ, ಒಳ್ಳೆ ರಬ್ಬರು ಒಯ್ಯಿ, ಕೈಗೆ ಮುಳ್ಳಿನ ಗಡಿಯಾರ ಕಟ್ಟಿಕೊ. ಫೋನ್ ಪೂರ್ತಿ ಆಫ್ ಮಾಡು. ಒಳಗೆ ಫೋನ್ ಸದ್ದು ಮಾಡಿದರೆ ಫುಟ್‌ಬಾಲ್ ಆಟದ ಹಾಗೆ ಕೆಂಪು ಕಾರ್ಡು ತೋರಿಸಿ ಕಳಿಸುತ್ತಾರೆ, ತಮಾಷೆ ಅಲ್ಲ. ಗೊತ್ತಿಲ್ಲದ್ದಕ್ಕೂ ಯಾವುದಾದರೂ ಒಂದು ಗೋಲ ತುಂಬಿಬಿಡು, ತಪ್ಪಿದ್ದಕ್ಕೆ ಅಂಕ ಕಳೆಯುವುದಿಲ್ಲ.

ಒಂದು ಮಾತ್ರ ಮೊದಲೇ ತಿಳಿದಿರಲಿ. ಈ ಪರೀಕ್ಷೆಯಲ್ಲಿ ನಿನ್ನನ್ನು ಒಂದು ಮಾತೂ ಆಡಿಸುವುದಿಲ್ಲ, ಒಂದು ಸಾಲೂ ಬರೆಸುವುದಿಲ್ಲ. ಎಲ್ಲ ಗೋಲ ತುಂಬುವುದೇ. ಸರ್ಟಿಫಿಕೇಟು ಬಂದ ವಾರದಲ್ಲೇ ನಮ್ಮ ಆಫೀಸಿಗೆ ಒಸಾಕದಿಂದ ಒಬ್ಬರು ಬಂದಿದ್ದರು. ಎಲ್ಲರೂ ನನ್ನನ್ನು ಮುಂದಕ್ಕೆ ತಳ್ಳಿದರು. ಟಾಯ್ಲೆಟ್ ಎಲ್ಲಿ ಅಂತ ಕೇಳಿದರು. ಬಲಕ್ಕೆ ಅನ್ನುವ ಪದ ಬಾಯಿಗೆ ಬರಲೇ ಇಲ್ಲ, ಕೈಹಿಡಿದು ಕರೆದುಕೊಂಡು ಹೋದೆ. ಅದಕ್ಕೆ ಶನಿವಾರ ರಾತ್ರಿ ಅರ್ಧ ಗಂಟೆ ಫೋನಿನಲ್ಲಿ ಬರೀ ಜಪಾನಿಯಲ್ಲೇ ಮಾತಾಡೋಣ. ತಪ್ಪಾದರೆ ನಿನಗೆ ನಾನು ನಗುತ್ತೇನೆ, ನನಗೆ ನೀನು ನಗು.

ನನ್ನ ಹಳೇ ವ್ಯಾಕರಣದ ಪುಸ್ತಕ ನಾಳೆ ಕೊರಿಯರ್ ಮಾಡುತ್ತೇನೆ. ಪ್ರತಿ ಪಾಠದ ಪಕ್ಕ ಪೆನ್ಸಿಲಿನಲ್ಲಿ ಕನ್ನಡದ ವಾಕ್ಯ ಬರೆದಿಟ್ಟಿದ್ದೇನೆ, ಅದನ್ನು ಅಳಿಸಬೇಡ. ಉತ್ತರಗಳನ್ನು ಅಳಿಸಿಕೊ, ಅರ್ಧ ತಪ್ಪಿವೆ. ಕುರೆರು ಪಾಠದ ಮೇಲೆ ಕಾಫಿ ಚೆಲ್ಲಿದೆ, ಅಲ್ಲಿ ಕೊನೆಯ ಎರಡು ಸಾಲು ಕಾಣುವುದಿಲ್ಲ. ಫೋನ್ ಮಾಡು, ಹೇಳ್ತೀನಿ.

ನಿನ್ನ,
ಒಂದು ಅಂಕದವನು