ಬೆಕ್ಕನ್ನು ಊರಾಚೆ ಬಿಟ್ಟರೆ ಚಿಗಟ ಹೋಗುವುದಿಲ್ಲ

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿಯುತ್ತ ಬಂದಂತೆ ಮಲೆನಾಡಿನ ಊರುಗಳ ಸಂತೆ ಮೈದಾನ, ಮೀನು ಮಾರುಕಟ್ಟೆ ಮತ್ತು ಬಸ್ ನಿಲ್ದಾಣದ ಹಿಂಭಾಗದಲ್ಲಿ ಹೊಸ ಬೆಕ್ಕುಗಳು, ನಾಯಿಮರಿಗಳು ಕಾಣಿಸಿಕೊಳ್ಳುತ್ತವೆ. ಇವುಗಳಲ್ಲಿ ಎಷ್ಟೋ ಪ್ರಾಣಿಗಳು ಯಾರದೋ ಮನೆಯ ಜಗಲಿಯಲ್ಲಿ ಹಾಲು ಅನ್ನ ತಿಂದು ಬೆಳೆದವೇ ಆಗಿರುತ್ತವೆ. 'ಮನೆ ತುಂಬ ಚಿಗಟ ಮಾಡಿಟ್ಟಿದೆ' ಎಂಬ ಒಂದೇ ಕಾರಣಕ್ಕೆ ಅವನ್ನು ಗೋಣಿಚೀಲದಲ್ಲಿ ಕಟ್ಟಿ ತಂದು ಬಿಡಲಾಗಿರುತ್ತದೆ. ಪಶು ವೈದ್ಯಾಧಿಕಾರಿಯಾಗಿ ಈ ಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದ ನಾನು, ಹೀಗೆ ಬೆಕ್ಕನ್ನು ಬಿಟ್ಟು ಬಂದ ಮನೆಯವರೇ ಸ್ವಲ್ಪ ದಿನದಲ್ಲಿ ಆಸ್ಪತ್ರೆಗೆ ಬಂದು, 'ಅದು ಹೋದ ಮೇಲೆ ನಮಗೆ ಕಡಿತ ಇನ್ನೂ ಜೋರಾಗಿದೆ ಡಾಕ್ಟ್ರೇ' ಎಂದು ಹೇಳಿಕೊಳ್ಳುವುದನ್ನು ಮತ್ತೆ ಮತ್ತೆ ಕೇಳಿದ್ದೇನೆ. ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ರಕ್ತ ಕುಡಿಯಲು ಇದ್ದ ಬೆಕ್ಕು ಮನೆಯಿಂದ ಹೋಯಿತು, ಚಿಗಟ ಮನೆಯಲ್ಲೇ ಉಳಿಯಿತು. ಹಸಿದ ಚಿಗಟಕ್ಕೆ ಇನ್ನು ಸಿಗುವುದು ಮನುಷ್ಯರ ಕಾಲು ಮಾತ್ರ.

ಚಿಗಟದ ಬಗ್ಗೆ ನಮ್ಮಲ್ಲಿರುವ ಮೂಲಭೂತ ತಪ್ಪು ತಿಳಿವಳಿಕೆಯೆಂದರೆ ಅದು ಪ್ರಾಣಿಯ ಮೈಮೇಲೆ ಮಾತ್ರ ಇರುತ್ತದೆ ಎಂಬುದು. ಮೈಮೇಲೆ ಕಾಣುವ ಬೆಳೆದ ಚಿಗಟಗಳು ಆ ಮನೆಯಲ್ಲಿರುವ ಒಟ್ಟು ಚಿಗಟ ಸಂತಾನದ ಸುಮಾರು ಶೇ 5ರಷ್ಟು ಮಾತ್ರ. ಉಳಿದ ಶೇ 95ರಷ್ಟು ಮೊಟ್ಟೆ, ಮರಿಹುಳು ಮತ್ತು ಗೂಡಿನ ರೂಪದಲ್ಲಿ ನೆಲದ ಬಿರುಕು, ಚಾಪೆಯ ಅಡಿ, ಸೋಫಾದ ಸಂದಿಗಳಲ್ಲಿರುತ್ತದೆ. ಹೆಣ್ಣು ಚಿಗಟವು ಪ್ರಾಣಿಯ ಮೈಯೇರಿ ರಕ್ತ ಹೀರಿದ ಒಂದೆರಡು ದಿನದಲ್ಲೇ ಮೊಟ್ಟೆಯಿಡಲು ಶುರು ಮಾಡುತ್ತದೆ ಮತ್ತು ದಿನಕ್ಕೆ 40ರಿಂದ 50ರವರೆಗೂ ಇಡಬಲ್ಲದು. ಹೇನಿನ ಸೀರಿನಂತೆ ಈ ಮೊಟ್ಟೆಗಳು ಕೂದಲಿಗೆ ಅಂಟಿಕೊಳ್ಳುವುದಿಲ್ಲ, ಪ್ರಾಣಿ ಎಲ್ಲಿ ಮೈ ಕೊಡವಿತೋ, ಎಲ್ಲಿ ಮಲಗಿತೋ ಅಲ್ಲೆಲ್ಲ ಉದುರುತ್ತವೆ. ಅವುಗಳ ಜೊತೆಗೇ ಚಿಗಟದ ಹಿಕ್ಕೆಯೂ ಉದುರುತ್ತದೆ. ಒಣಗಿದ ರಕ್ತವೇ ಆಗಿರುವ ಆ ಹಿಕ್ಕೆಯನ್ನು ತಿಂದು ಮರಿಹುಳು ಬೆಳೆಯುತ್ತದೆ. ಬೆಳಕು ಕಂಡರೆ ಆಳಕ್ಕೆ ಸರಿಯುವ ಈ ಹುಳು ಕೊನೆಗೆ ದೂಳು ಮೆತ್ತಿದ ಸಣ್ಣ ಗೂಡೊಂದನ್ನು ನೇಯ್ದುಕೊಂಡು ಅದರೊಳಗೆ ಸೇರಿಕೊಳ್ಳುತ್ತದೆ. ಹವೆ ಅನುಕೂಲವಾಗಿದ್ದರೆ ಮೊಟ್ಟೆಯಿಂದ ಚಿಗಟದವರೆಗಿನ ಇಡೀ ಪಯಣ ಎರಡು ಮೂರು ವಾರದಲ್ಲಿ ಮುಗಿಯುತ್ತದೆ. ಜಿಟಿಜಿಟಿ ಮಳೆಯ ತೇವ ಮತ್ತು ಒಲೆಯ ಬೆಚ್ಚಗೆ ಎರಡೂ ಇರುವ ನಮ್ಮ ಮಳೆಗಾಲದ ಮನೆಗಳಿಗಿಂತ ಅನುಕೂಲವಾದ ಜಾಗ ಅದಕ್ಕೆ ಬೇರೆ ಬೇಕಿಲ್ಲ.

ಗೂಡಿನ ಹಂತದ ಬಗ್ಗೆ ಎರಡು ಮಾತು ಹೆಚ್ಚಾಗಿ ಹೇಳಬೇಕು, ಏಕೆಂದರೆ ಔಷಧ ಹೊಡೆದವರು ಸೋಲುವುದು ಇಲ್ಲಿಯೇ. ಗೂಡಿನೊಳಗಿನ ಚಿಗಟಕ್ಕೆ ನಾವು ಸಿಂಪಡಿಸುವ ಕೀಟನಾಶಕ ಬಹುಮಟ್ಟಿಗೆ ತಾಗುವುದೇ ಇಲ್ಲ. ಅದು ಅಲ್ಲಿಯೇ ತಿಂಗಳುಗಟ್ಟಲೆ ಕಾಯಬಲ್ಲದು. ನೆಲದ ಅದುರು, ಮೈಯ ಬಿಸಿ, ಉಸಿರಿನ ಗಾಳಿ ತಾಗಿದಾಗ ಹತ್ತಿರದಲ್ಲಿ ಯಾವುದೋ ಪ್ರಾಣಿ ಬಂದಿದೆ ಎಂದು ಗ್ರಹಿಸಿ ಗೂಡೊಡೆದು ಹಾರುತ್ತದೆ. ಬಹಳ ದಿನ ಬೀಗ ಹಾಕಿದ್ದ ಊರ ಮನೆಯನ್ನು ಹಬ್ಬಕ್ಕೆಂದು ತೆರೆದು ಒಳಗೆ ಕಾಲಿಟ್ಟೊಡನೆ ಮಂಡಿಯವರೆಗೆ ಚಿಗಟ ಮುತ್ತುವುದು ಇದರಿಂದಲೇ. ನಾಯಿ ಇಲ್ಲ, ಬೆಕ್ಕು ಇಲ್ಲ, ಇಷ್ಟು ಚಿಗಟ ಎಲ್ಲಿಂದ ಬಂತು ಎಂದು ಬೆಂಗಳೂರಿನಿಂದ ಬಂದ ಮಕ್ಕಳು ಗಾಬರಿಯಾಗುತ್ತಾರೆ. ಅವು ಹೊಸದಾಗಿ ಬಂದವಲ್ಲ, ಕಾದು ಕುಳಿತಿದ್ದವು.

ಶಿವಮೊಗ್ಗ ಜಿಲ್ಲೆಯ ಮಟ್ಟಿಗೆ ಇದಕ್ಕೆ ಇನ್ನೊಂದು ಭಯವೂ ಸೇರಿಕೊಂಡಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯ ನೆನಪು ಇಲ್ಲಿನ ಮನೆಮನೆಯಲ್ಲೂ ಇರುವುದರಿಂದ, ನಾಯಿಯ ಮೈಮೇಲೆ ಏನು ಹರಿದಾಡಿದರೂ ಜನ ಆ ಕಾಯಿಲೆಯನ್ನೇ ನೆನೆಯುತ್ತಾರೆ. ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದ, ಚಿಗಟದಿಂದಲ್ಲ. ಬೆಳೆದ ಉಣುಗಿಗೆ ಎಂಟು ಕಾಲು, ಅದು ಚರ್ಮಕ್ಕೆ ಕಚ್ಚಿಕೊಂಡು ಒಂದೇ ಕಡೆ ಉಬ್ಬುತ್ತ ಕೂರುತ್ತದೆ. ಚಿಗಟಕ್ಕೆ ಆರು ಕಾಲು, ಎರಡು ಪಕ್ಕದಿಂದ ಅಮುಕಿದಂಥ ಕಂದು ಮೈ, ಕೂದಲ ನಡುವೆ ಸರಸರನೆ ಓಡಿ ಬೆರಳಿಗೆ ಸಿಗುವ ಮೊದಲೇ ಹಾರುತ್ತದೆ. ಕಾಡಿಗೆ ಹೋಗಿಬರುವವರು ಉಣುಗಿನ ವಿಷಯದಲ್ಲಿ ಎಚ್ಚರವಾಗಿರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಭಯವನ್ನು ಮನೆಯ ಬೆಕ್ಕಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಹಿರಿಯರು ಕೆಲವರು ಪ್ಲೇಗನ್ನೂ ನೆನೆಯುತ್ತಾರೆ. 1898ರಲ್ಲಿ ಬೆಂಗಳೂರನ್ನು ಕಾಡಿದ ಆ ರೋಗವನ್ನು ಮುಖ್ಯವಾಗಿ ದಾಟಿಸುತ್ತಿದ್ದುದು ಇಲಿಯ ಮೈಮೇಲಿನ ಬೇರೆ ಜಾತಿಯ ಚಿಗಟ. ಇಂದು ನಮ್ಮ ನಾಯಿ ಬೆಕ್ಕುಗಳ ಮೈಮೇಲೆ ಸಾಮಾನ್ಯವಾಗಿ ಸಿಗುವುದು ಅದಲ್ಲ.

ನನ್ನ ನಿಜವಾದ ಆತಂಕ ಇರುವುದು ಚಿಗಟಕ್ಕಿಂತ ಹೆಚ್ಚಾಗಿ ಅದಕ್ಕೆ ಹಾಕುವ ಮದ್ದಿನಲ್ಲಿ. ದನದ ಉಣುಗಿಗೆಂದು ಮಾರುವ ಔಷಧವನ್ನು ಅಂದಾಜಿನ ಮೇಲೆ ನೀರಿಗೆ ಬೆರೆಸಿ ಬೆಕ್ಕನ್ನು ಅದರಲ್ಲಿ ಅದ್ದುವವರಿದ್ದಾರೆ. ತೋಟಕ್ಕೆ ತಂದ ಕೀಟನಾಶಕದ ಉಳಿಕೆಯನ್ನು ನಾಯಿಗೆ ಬಳಿಯುವವರಿದ್ದಾರೆ. ಇರುವೆಗೆ ಗೆರೆ ಎಳೆಯುವ ವಿಷದ ಸೀಮೆಸುಣ್ಣವನ್ನು ಬೆಕ್ಕಿನ ಬೆನ್ನಿಗೆ ತೀಡಿದ್ದನ್ನೂ, ಸೀಮೆಎಣ್ಣೆ ಸುರಿದು ಚರ್ಮ ಸುಲಿದು ಬಂದ ನಾಯಿಮರಿಯನ್ನೂ ನಾನು ಕಂಡಿದ್ದೇನೆ. ಹಟ್ಟಿಗೆ ಗ್ಯಾಮಕ್ಸಿನ್ ಎರಚುತ್ತಿದ್ದ ಕಾಲವೊಂದಿತ್ತು. ಆ ಪುಡಿ ನಿಷೇಧವಾದರೂ ಅದರ ಹಿಂದಿನ ಮನೋಭಾವ ಹಾಗೆಯೇ ಉಳಿದಿದೆ. ಪ್ರಾಣಿ ತನ್ನ ಮೈಯನ್ನು ತಾನೇ ನೆಕ್ಕಿಕೊಳ್ಳುತ್ತದೆ, ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ ಎಂಬುದನ್ನು ಮಾತ್ರ ಯಾರೂ ಯೋಚಿಸುವುದಿಲ್ಲ.

ಬೆಕ್ಕಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ನಾಯಿಗೆ ಸರಿಹೋಗುವ ಪರ್ಮೆಥ್ರಿನ್ ಎಂಬ ಔಷಧ ಬೆಕ್ಕಿಗೆ ವಿಷ. ಅದನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಜೊಲ್ಲು ಸುರಿಯುವುದು, ಕಿವಿ ಮತ್ತು ಮೈಯ ಚರ್ಮ ಅದುರುವುದು, ನಡೆಯಲಾಗದೆ ತೂರಾಡುವುದು, ನಂತರ ಫಿಟ್ಸ್, ಹೀಗೆ ಕೆಲವೇ ಗಂಟೆಗಳಲ್ಲಿ ಅದರ ಪ್ರಾಣಕ್ಕೆ ಸಂಚಕಾರ ಬರುತ್ತದೆ. ಉಣುಗಿಗೆ ಬಳಸುವ ಅಮಿಟ್ರಾಜ್ ಕೂಡ ಬೆಕ್ಕಿಗೆ ಒಗ್ಗುವುದಿಲ್ಲ. ಒಮ್ಮೆ ನನ್ನ ಬಳಿ ತಂದ ಬೆಕ್ಕಿನ ಕುತ್ತಿಗೆಯ ಹಿಂಭಾಗದ ಕೂದಲು ಎಣ್ಣೆಯಂತೆ ಅಂಟಿಕೊಂಡಿತ್ತು. ಮನೆಯವರು ಜೇಬಿನಿಂದ ತೆಗೆದು ತೋರಿಸಿದ ಖಾಲಿ ಕೊಳವೆಯ ಮೇಲೆ ನಾಯಿಯ ಚಿತ್ರ ಮತ್ತು 10ರಿಂದ 25 ಕಿಲೋ ತೂಕದ ನಾಯಿಗೆಂದು ಇಂಗ್ಲಿಷಿನಲ್ಲಿ ಬರೆದಿದ್ದ ಸಾಲು ಎರಡೂ ಇದ್ದವು. ಅಂಗಡಿಯವರು 'ಎರಡಕ್ಕೂ ಆಗುತ್ತೆ, ಸ್ವಲ್ಪ ಕಡಿಮೆ ಹಾಕಿ' ಎಂದು ಕೊಟ್ಟಿದ್ದರಂತೆ. ಇಂಥ ಸಂದರ್ಭದಲ್ಲಿ ಉಗುರುಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ಸೋಪಿನಿಂದ ಔಷಧವನ್ನು ತೊಳೆದು, ಒರೆಸಿ, ಬೆಚ್ಚಗೆ ಸುತ್ತಿಕೊಂಡು ತಡಮಾಡದೆ ಆಸ್ಪತ್ರೆಗೆ ತರಬೇಕು. ಕೊಳವೆಯನ್ನೂ ಜೊತೆಗೆ ತಂದರೆ ವೈದ್ಯರಿಗೆ ಅರ್ಧ ಕೆಲಸ ಹಗುರವಾಗುತ್ತದೆ.

ಮನೆಮದ್ದೆಂದರೆ ಅಪಾಯವಿಲ್ಲ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಬೆಳ್ಳುಳ್ಳಿ ತಿನ್ನಿಸಿದರೆ ಚಿಗಟ ಬಿಡುತ್ತದೆ ಎನ್ನುತ್ತಾರೆ. ಚಿಗಟ ಬಿಡುವುದು ಅನುಮಾನ, ಆದರೆ ಬೆಳ್ಳುಳ್ಳಿ ಈರುಳ್ಳಿಗಳು ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಹಾಳುಮಾಡುವುದು ನಿಶ್ಚಿತ. ಫಿನಾಯಿಲ್ ಹಾಕಿ ಒರೆಸಿದ ನೆಲ ಒಣಗುವ ಮೊದಲೇ ಬೆಕ್ಕು ಅದರ ಮೇಲೆ ನಡೆದು ಪಾದ ನೆಕ್ಕಿದರೆ ಅದೂ ತೊಂದರೆಯೇ. ನುಸಿ ಗುಳಿಗೆಗಳನ್ನು ಪ್ರಾಣಿ ಮಲಗುವ ಜಾಗದಲ್ಲಿ ಇಡಲೇಬಾರದು.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಚಿಗಟ ಇದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಪ್ರಾಣಿಯನ್ನು ನಿಲ್ಲಿಸಿ, ಬಾಲದ ಬುಡದಿಂದ ಬೆನ್ನಿನವರೆಗೆ ಹೇನು ತೆಗೆಯುವ ಬಾಚಣಿಗೆಯಿಂದ ಬಾಚಿದರೆ ಕಪ್ಪು ಪುಡಿ ಉದುರುತ್ತದೆ. ಬರಿಯ ಮಣ್ಣಾದರೆ ಅದು ಹಾಗೆಯೇ ಉಳಿಯುತ್ತದೆ, ಚಿಗಟದ ಹಿಕ್ಕೆಯಾದರೆ ಅದರ ಸುತ್ತ ಇಟ್ಟಿಗೆ ಬಣ್ಣದ ಕಲೆ ಹರಡುತ್ತದೆ. ಚಿಗಟ ಇದೆಯೆಂದು ತಿಳಿದ ಮೇಲೆ ಮನೆಯಲ್ಲಿರುವ ಎಲ್ಲ ನಾಯಿ ಬೆಕ್ಕುಗಳಿಗೂ ಒಂದೇ ದಿನ ಔಷಧ ಹಾಕಬೇಕು, ತುರಿಸಿಕೊಳ್ಳುತ್ತಿರುವ ಒಂದಕ್ಕೆ ಮಾತ್ರ ಹಾಕಿದರೆ ಉಪಯೋಗವಿಲ್ಲ. ಫಿಪ್ರೊನಿಲ್‌ನಂಥ, ಚರ್ಮಕ್ಕೆ ಹನಿಸುವ ಔಷಧಗಳು ನಾಯಿಗೆ ಬೇರೆ, ಬೆಕ್ಕಿಗೆ ಬೇರೆ ಪ್ರಮಾಣದಲ್ಲಿ ಸಿಗುತ್ತವೆ. ನಾಯಿಗಳಿಗೆ ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ತಿನ್ನಿಸುವ ಮಾತ್ರೆಗಳೂ ಇವೆ. ಫಿಟ್ಸ್ ಬಂದ ಇತಿಹಾಸವಿರುವ ನಾಯಿಗೆ ಅವನ್ನು ಕೊಡುವ ಮೊದಲು ವೈದ್ಯರಿಗೆ ಹೇಳಲೇಬೇಕು. ಮೊಲ ಸಾಕಿರುವವರು ಫಿಪ್ರೊನಿಲ್ಲನ್ನು ಮೊಲಕ್ಕೆ ಹಾಕಬಾರದು, ಅದಕ್ಕೆ ಅದು ಪ್ರಾಣಾಂತಿಕ. ಔಷಧವನ್ನು ಕತ್ತಿನ ಹಿಂದೆ, ನಾಲಿಗೆಗೆ ಎಟುಕದ ಕಡೆ ಕೂದಲು ಬಿಡಿಸಿ ಚರ್ಮಕ್ಕೇ ಹನಿಸಬೇಕು. ಅದರ ಹಿಂದೆ ಮುಂದೆ ಎರಡು ದಿನ ಸ್ನಾನ ಬೇಡ. ಎಂಟು ವಾರ ತುಂಬದ ಮರಿಗಳಿಗೆ ವೈದ್ಯರನ್ನು ಕೇಳದೆ ಯಾವ ಔಷಧವನ್ನೂ ಹಾಕಬಾರದು. ಬಾಚಿ ತೆಗೆದು ಸೋಪಿನ ನೀರಿನಲ್ಲಿ ಮುಳುಗಿಸುವುದು ನಿಧಾನವಾದರೂ ಅವುಗಳಿಗೆ ಕ್ಷೇಮ. ಚಿಗಟ ವಿಪರೀತವಾದರೆ ಮರಿಗಳು ರಕ್ತಹೀನತೆಯಿಂದಲೇ ಸಾಯುತ್ತವೆ, ಆದ್ದರಿಂದ ಒಸಡು ಬಿಳಿಚಿಕೊಂಡ ಮರಿಯನ್ನು ಮನೆಯಲ್ಲಿಟ್ಟು ಕಾಯಬಾರದು. ಆಡಿನ ಮರಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಆಡಿನ ಹಟ್ಟಿಯನ್ನು ಬಿಟ್ಟು ಜಗಲಿಯನ್ನಷ್ಟೇ ಶುಚಿ ಮಾಡಿದವರ ಮನೆಗೆ ಚಿಗಟ ಹಟ್ಟಿಯಿಂದ ಮರಳಿ ಬರುತ್ತದೆ.

ಇನ್ನು ನೆಲದ ಕೆಲಸ. ನಾಯಿ ಮಲಗುವ ಗೋಣಿಚೀಲವನ್ನು ಎತ್ತಿ ಕೆಳಗೆ ನೋಡಿದರೆ ಹೆಚ್ಚಿನವರಿಗೆ ಉಳಿದುದು ತಾನೇ ಅರ್ಥವಾಗುತ್ತದೆ: ಕೂದಲು, ದೂಳು, ಕಪ್ಪು ಪುಡಿ, ನಡುವೆ ಬಿಳಿಯ ಸೂಕ್ಷ್ಮ ಹುಳುಗಳು. ಆ ಚೀಲವನ್ನು ಸುಟ್ಟುಬಿಡುವುದೇ ಮೇಲು. ಬೆಡ್‌ಶೀಟು, ಕಾಲೊರೆಸುವ ಬಟ್ಟೆ, ಸೋಫಾದ ಹೊದಿಕೆಗಳನ್ನು ವಾರಕ್ಕೊಮ್ಮೆ ಕುದಿಯುವಷ್ಟು ಬಿಸಿಯಾದ ನೀರಿನಲ್ಲಿ ನೆನೆಸಿ ಒಗೆದು, ಬಿಸಿಲು ಕಂಡ ದಿನ ಒಣಗಿಸಬೇಕು. ಮರಿಹುಳು ಒಣಹವೆಯನ್ನು ತಾಳುವುದಿಲ್ಲ. ವ್ಯಾಕ್ಯೂಮ್ ಕ್ಲೀನರ್ ಇದ್ದವರಿಗೆ ಅದಕ್ಕಿಂತ ಒಳ್ಳೆಯ ಆಯುಧ ಬೇರೆ ಇಲ್ಲ, ಏಕೆಂದರೆ ಅದರ ಅದುರಿಗೆ ಗೂಡಿನ ಚಿಗಟವೂ ಹೊರಗೆ ಬರುತ್ತದೆ. ಆದರೆ ಚೀಲದ ದೂಳನ್ನು ಕೂಡಲೇ ಗಂಟು ಕಟ್ಟಿ ಹೊರಗೆ ಹಾಕಬೇಕು. ಇಲ್ಲದವರು ಮೂಲೆ, ಹೊಸ್ತಿಲ ಸಂದಿ, ಮಂಚದ ಅಡಿಗಳನ್ನು ದಿನವೂ ಗುಡಿಸಿ, ಗುಡಿಸಿದ್ದನ್ನು ಅಂಗಳದ ಅಂಚಿಗೆ ಎಸೆಯದೆ ಒಲೆಗೆ ಹಾಕಬೇಕು. ಕೀಟ ನಿಯಂತ್ರಣದವರನ್ನು ಕರೆಸುವುದಾದರೆ ಮರಿಹುಳು ಬೆಳೆಯದಂತೆ ತಡೆಯುವ ಔಷಧವೂ ಅದರಲ್ಲಿದೆಯೇ ಎಂದು ಕೇಳಬೇಕು, ನೆಲ ಒಣಗುವವರೆಗೆ ಮಕ್ಕಳು ಮತ್ತು ಪ್ರಾಣಿಗಳು ಒಳಗೆ ಬಾರದಂತೆ ನೋಡಿಕೊಳ್ಳಬೇಕು. ಇಷ್ಟು ಮಾಡಿದರೂ ಮೊದಲ ಕೆಲವು ವಾರ ಚಿಗಟ ಕಾಣುತ್ತಲೇ ಇರುತ್ತದೆ. ಔಷಧ ನಕಲಿ ಎಂದು ಬಯ್ದು ಹೆಚ್ಚಿನವರು ಕೈಬಿಡುವುದು ಆಗಲೇ. ವಾಸ್ತವದಲ್ಲಿ ಅವು ಹಳೆಯ ಗೂಡುಗಳಿಂದ ಹೊರಬರುತ್ತಿರುವ ಚಿಗಟಗಳು. ಔಷಧ ಹಾಕಿದ ಪ್ರಾಣಿಯ ಮೈ ಏರಿದವು ಸಾಯುತ್ತವೆ. ಕನಿಷ್ಠ ಮೂರು ತಿಂಗಳು ಬಿಡದೆ ಮುಂದುವರಿಸಿದರೆ ಮಾತ್ರ ಗೂಡುಗಳು ಖಾಲಿಯಾಗುತ್ತವೆ.

ಚಿಗಟವನ್ನು ಬರಿಯ ತುರಿಕೆಯೆಂದು ಉಪೇಕ್ಷಿಸುವಂತೆಯೂ ಇಲ್ಲ. ಮೈ ಕಚ್ಚಿಕೊಳ್ಳುವಾಗ ಚಿಗಟವನ್ನು ನುಂಗಿದ ನಾಯಿ ಬೆಕ್ಕಿಗೆ ಒಂದು ಬಗೆಯ ಲಾಡಿಹುಳು ಬರುತ್ತದೆ. ಗುದದ ಸುತ್ತ ಅಕ್ಕಿಕಾಳಿನಂಥ ತುಣುಕುಗಳು ಕಂಡರೆ ಅದೇ. ನೆಲದ ಮೇಲೆ ಹರಿದಾಡಿ ಕೈ ಬಾಯಿಗಿಡುವ ಮಗುವಿನ ಹೊಟ್ಟೆಗೆ ಅಂಥ ಚಿಗಟ ಹೋದರೆ ಮಗುವಿಗೂ ಬರಬಹುದು. ಹುಳದ ಮಾತ್ರೆ ಕೊಟ್ಟು ಚಿಗಟವನ್ನು ಹಾಗೆಯೇ ಬಿಟ್ಟರೆ ಹುಳು ಮತ್ತೆ ಬರುತ್ತದೆ.

ಇದೆಲ್ಲವನ್ನೂ ಪ್ರತಿ ಮನೆಗೆ ಹೋಗಿ ಹೇಳಲು ಯಾವ ವೈದ್ಯನಿಗೂ ಆಗದು. ಆದ್ದರಿಂದ ಪಶುಪಾಲನಾ ಇಲಾಖೆಗೆ ನಿಮ್ಮ ಪತ್ರಿಕೆಯ ಮೂಲಕ ನನ್ನದೊಂದು ವಿನಂತಿಯಿದೆ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಆಸುಪಾಸಿನಲ್ಲಿ ನಡೆಯುವ ಉಚಿತ ಲಸಿಕಾ ಶಿಬಿರಗಳಿಗೆ ಜನ ತಾವಾಗಿಯೇ ನಾಯಿ ಬೆಕ್ಕುಗಳನ್ನು ಕರೆತರುತ್ತಾರೆ, ಚಿಗಟದ ಹಾವಳಿ ಹೆಚ್ಚಿರುವ ದಿನಗಳೂ ಅವೇ. ಸಾಲಿನಲ್ಲಿ ನಿಂತ ಪ್ರಾಣಿಯನ್ನು ತೂಗಿ, ಆ ತೂಕವನ್ನು ಲಸಿಕೆ ಚೀಟಿಯ ಮೇಲೆಯೇ ಬರೆದು, ಯಾವ ಔಷಧ ಎಷ್ಟು ಎಂಬುದನ್ನು ಕನ್ನಡದಲ್ಲಿ ನಮೂದಿಸಿ ಕೊಟ್ಟರೆ ಅಂಗಡಿಯಲ್ಲಿ ಅಂದಾಜಿಗೆ ಎಡೆಯಿರುವುದಿಲ್ಲ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕೆಲಸ ಮಾಡುವ ಪಶು ಸಖಿಯರಿಗೂ ಈ ವಿಷಯದಲ್ಲಿ ಒಂದು ದಿನದ ತರಬೇತಿ ಕೊಡಬಹುದು. ಔಷಧ ತಯಾರಕರು ಪೊಟ್ಟಣದ ಮೇಲೆ 'ಬೆಕ್ಕಿಗೆ ಹಾಕಬಾರದು' ಎಂಬ ಎರಡು ಪದಗಳನ್ನು ಕನ್ನಡದಲ್ಲಿ, ಅಡ್ಡಗೆರೆ ಹೊಡೆದ ಬೆಕ್ಕಿನ ಚಿತ್ರದೊಂದಿಗೆ ಮುದ್ರಿಸುವಂತೆ ಮಾಡಲು ಇಲಾಖೆ ಪತ್ರ ಬರೆಯಬೇಕು. ಅದು ಆಗುವವರೆಗೆ ಅಂಗಡಿಯವರು ಔಷಧ ಕೊಡುವ ಮುನ್ನ ನಾಯಿಯೋ ಬೆಕ್ಕೋ, ತೂಕ ಎಷ್ಟು, ವಯಸ್ಸು ಎಷ್ಟು ಎಂದು ಕೇಳಲಿ. ಕೇಳದೆ ಕೊಟ್ಟರೆ ಕೊಳ್ಳುವವರೇ ಹೇಳಲಿ.

ಇತಿ,
ನಿವೃತ್ತ ಪಶು ವೈದ್ಯಾಧಿಕಾರಿ
ಸಾಗರ, ಶಿವಮೊಗ್ಗ ಜಿಲ್ಲೆ