ಬಂಡಾಯ ಲೀಗ್: ತಪ್ಪು ಆಟಗಾರನದಷ್ಟೇ ಅಲ್ಲ

ಮಾನ್ಯ ಸಂಪಾದಕರೇ,

ಸೌದಿ ಅರೇಬಿಯಾ ಸರ್ಕಾರದ ಸಾರ್ವಜನಿಕ ಹೂಡಿಕೆ ನಿಧಿಯ ಬಲದಿಂದ 2022ರಲ್ಲಿ ಆರಂಭವಾದ ಬಂಡಾಯ ಲೀಗ್ ಲಿವ್ ಗಾಲ್ಫ್ ಸೇರಿದ ಆಟಗಾರರನ್ನು ಹಣದಾಸೆಯವರೆಂದು ಜರೆಯುವವರು, ಅವರನ್ನು ಅಮಾನತುಗೊಳಿಸಿದ್ದ ಅಮೆರಿಕದ ವೃತ್ತಿಪರ ಗಾಲ್ಫ್ ಸಂಸ್ಥೆ ಪಿಜಿಎ ಟೂರ್ ಮರುವರ್ಷದ ಜೂನ್‌ನಲ್ಲಿ ಅದೇ ನಿಧಿಯೊಂದಿಗೆ ಒಪ್ಪಂದದ ಚೌಕಟ್ಟನ್ನು ಘೋಷಿಸಿದ್ದನ್ನು ಮರೆಯುತ್ತಾರೆ. ಆದರೂ ಆಗಲೇ ಕೋಟ್ಯಧಿಪತಿಗಳಾಗಿದ್ದ ಗಾಲ್ಫ್ ತಾರೆಯರ ಬಗ್ಗೆ ನನಗೆ ಅಷ್ಟೇನೂ ಮರುಕವಿಲ್ಲ. ಮಾನವ ಹಕ್ಕುಗಳ ಉಲ್ಲಂಘನೆಯ ಆರೋಪ ಹೊತ್ತ ಆಡಳಿತದ ಹಣ ಪಡೆಯುವ ಮುನ್ನ ಯೋಚಿಸುವಷ್ಟು ಅನುಕೂಲ ಅವರಿಗಿತ್ತು.

ರಣಜಿ ಆಟಗಾರನ ಸ್ಥಿತಿಯೇ ಬೇರೆ. 2007ರಲ್ಲಿ ಖಾಸಗಿ ಟೂರ್ನಿಯಾದ ಇಂಡಿಯನ್ ಕ್ರಿಕೆಟ್ ಲೀಗ್ ಬಂದಾಗ ಕ್ರಿಕೆಟ್ ಮಂಡಳಿ ಬಿಸಿಸಿಐ ಅದನ್ನು ಸೇರಿದವರನ್ನು ನಿಷೇಧಿಸಿತು. ಆ ಲೀಗ್‌ನ ಜೊತೆಗಿದ್ದ ಕಪಿಲ್ ದೇವ್ ಅವರನ್ನು ನಮ್ಮ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಅಧ್ಯಕ್ಷ ಸ್ಥಾನದಿಂದ ಇಳಿಸಿತು. ಮರುವರ್ಷವೇ, 2008ರ ಏಪ್ರಿಲ್ 18ರಂದು, ಇದೇ ಊರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಆರಂಭವಾಯಿತು. ಹಣ ಮಂಡಳಿಯ ಬಾಗಿಲಿನಿಂದ ಬಂದರೆ ಕ್ರೀಡಾಭಿವೃದ್ಧಿ, ಪಕ್ಕದ ಬಾಗಿಲಿನಿಂದ ಬಂದರೆ ದ್ರೋಹ! ಅಂಬಟಿ ರಾಯುಡು ಅವರಂಥ ಪ್ರತಿಭಾವಂತರು 2009ರಲ್ಲಿ ಕ್ಷಮಾದಾನ ಪಡೆದು ಮರಳುವವರೆಗೆ ಅಮೂಲ್ಯ ವರ್ಷಗಳನ್ನು ಕಳೆದುಕೊಂಡರು.

ಆಟಗಾರರಿಂದ ನಿಷ್ಠೆ ಬಯಸುವ ಮಂಡಳಿ ಅವರಿಗೆ ಬೇರೆ ದಾರಿಯನ್ನೇ ಉಳಿಸದಿದ್ದರೆ ಅದನ್ನು ನಿಷ್ಠೆ ಎನ್ನಲಾಗದು. ಪ್ರತಿಸ್ಪರ್ಧಿ ಲೀಗ್‌ಗೆ ಅವಕಾಶ ನೀಡುವುದಿಲ್ಲವೆಂಬ ಷರತ್ತನ್ನು ಐಪಿಎಲ್ ಒಪ್ಪಂದದಲ್ಲಿ ಸೇರಿಸಿದ್ದಕ್ಕೇ ಭಾರತೀಯ ಸ್ಪರ್ಧಾ ಆಯೋಗ 2013ರಲ್ಲಿ ಬಿಸಿಸಿಐಗೆ ₹52.24 ಕೋಟಿ ದಂಡ ವಿಧಿಸಿತ್ತು.

– ಓರ್ವ ಓದುಗ, ಬಸವನಗುಡಿ, ಬೆಂಗಳೂರು